ಸರಕಾರಿ ವಕೀಲ ಏಮಸ್ ಆಕರ್ಮನ್

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ಯಾರಾದರೊಬ್ಬರ ಜೀವನಚರಿತ್ರೆಯನ್ನು ಮಕ್ಕಳಿಗೂ ತಿಳಿಯುವಂತೆ ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಆರಿಸಿಕೊಂಡ ವ್ಯಕ್ತಿ ಅರಸನಲ್ಲ, ದಳಪತಿಯಲ್ಲ, ಕವಿಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಾಳಿದ ಒಬ್ಬ ಸರಕಾರಿ ವಕೀಲ. ಹೆಸರು ಏಮಸ್ ಟಾಪನ್ ಆಕರ್ಮನ್. ನಿಮ್ಮಲ್ಲಿ ಬಹುಮಂದಿ ಈ ಹೆಸರನ್ನು ಕೇಳಿರಲಾರಿರಿ. ಆತನ ಸ್ವದೇಶದಲ್ಲಿಯೂ ಅದನ್ನು ಬಲ್ಲವರು ವಿರಳ. ದೊಡ್ಡ ಹುದ್ದೆಯಲ್ಲಿ ಆತನಿದ್ದುದು ಸುಮಾರು ಒಂದೂವರೆ ವರ್ಷ ಮಾತ್ರ. ಆದರೂ ಆ ಅವಧಿಯಲ್ಲಿ ಆತನಿಗೆ ಎದುರಾದ ಪ್ರಶ್ನೆ ಎಲ್ಲ ದೇಶದ ಜನರಿಗೂ ಸಂಬಂಧಿಸಿದುದು. ಗ್ರಂಥದಲ್ಲಿ ಬರೆದಿಟ್ಟ ಹಕ್ಕು ಬಡವನ ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕಾದರೆ ಯಾರು ಏನು ಮಾಡಬೇಕು ಎಂಬುದೇ ಆ ಪ್ರಶ್ನೆ.

ಮೊದಲು ಸರಕಾರಿ ವಕೀಲನ ಕೆಲಸವೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ನ್ಯಾಯಾಧೀಶರು ತಾವಾಗಿ ಪೀಠದಿಂದ ಎದ್ದುಹೋಗಿ ಅಪರಾಧಿಯನ್ನು ಹುಡುಕಿ ತರುವುದಿಲ್ಲ. ತಮ್ಮ ಮುಂದೆ ಬಂದ ಮೊಕದ್ದಮೆಯನ್ನು ಮಾತ್ರ ಅವರು ವಿಚಾರಿಸುತ್ತಾರೆ. ಶಾಸನಸಭೆಯು ಕಾಯಿದೆಯನ್ನು ಮಾಡಿ ಕೈತೊಳೆದುಕೊಳ್ಳುತ್ತದೆ. ಈ ಎರಡರ ನಡುವೆ ಸಾಕ್ಷಿಗಳನ್ನು ಕೂಡಿಸಿ, ಆರೋಪಪತ್ರವನ್ನು ಬರೆದು, ತುಂಬಿದ ನ್ಯಾಯಾಲಯದಲ್ಲಿ ಎದ್ದುನಿಂತು, ಈತನು ಕಾಯಿದೆಯನ್ನು ಮುರಿದಿದ್ದಾನೆ ಎಂದು ಹೇಳಬೇಕಾದವನು ಒಬ್ಬನು ಇರಬೇಕಲ್ಲವೆ? ಅವನೇ ಸರಕಾರಿ ವಕೀಲ. ಅವನು ಆಲಸಿಯಾದರೆ ಅಥವಾ ಅಂಜುಬುರುಕನಾದರೆ ಎಂಥ ಒಳ್ಳೆಯ ಕಾಯಿದೆಯೂ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂರುತ್ತದೆ.

ಆಕರ್ಮನ್ನನು 1821ನೆಯ ಇಸವಿ ಫೆಬ್ರವರಿ 23ರಂದು ಅಮೆರಿಕದ ಉತ್ತರ ಭಾಗದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಪೋರ್ಟ್ಸ್‌ಮತ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ಹನ್ನೆರಡು ಮಕ್ಕಳಿದ್ದ ದೊಡ್ಡ ಸಂಸಾರ ಅದು. ಎಕ್ಸೆಟರ್ ಊರಿನ ಹೆಸರಾಂತ ಪಾಠಶಾಲೆಯಲ್ಲಿ ಓದಿ, ಡಾರ್ಟ್‌ಮತ್ ಕಾಲೇಜಿನಿಂದ 1842ರಲ್ಲಿ ಪದವೀಧರನಾದನು. ವಿದ್ಯೆಯೇನೋ ಬಂದಿತು, ಜೀವನೋಪಾಯಕ್ಕೆ ದಾರಿ ಬೇಕಾಗಿತ್ತು. ಆ ಕಾಲದಲ್ಲಿ ಉತ್ತರದ ಎಷ್ಟೋ ತರುಣ ಪದವೀಧರರು ದಕ್ಷಿಣದ ಶ್ರೀಮಂತರ ಮನೆಗಳಲ್ಲಿ ಉಪಾಧ್ಯಾಯರಾಗಿ ನಿಲ್ಲುತ್ತಿದ್ದರು. ಆಕರ್ಮನ್ನನೂ ಹಾಗೆಯೇ ದಕ್ಷಿಣಕ್ಕೆ ಹೊರಟನು. ಮೊದಲು ಉತ್ತರ ಕ್ಯಾರೊಲಿನಾದಲ್ಲಿ ಶಾಲೆಯ ಮೇಷ್ಟ್ರಾಗಿದ್ದು, ಅನಂತರ ಜಾರ್ಜಿಯಾ ಸಂಸ್ಥಾನದ ಸವಾನಾ ನಗರದಲ್ಲಿ ಜಾನ್ ಬೆರಿಯೆನ್ ಎಂಬ ಗಣ್ಯರ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದನು.

ಈ ಬೆರಿಯೆನ್ ಸಾಮಾನ್ಯರಲ್ಲ. ಅಧ್ಯಕ್ಷ ಆಂಡ್ರೂ ಜಾಕ್ಸನ್ನರ ಕಾಲದಲ್ಲಿ ಅಮೆರಿಕ ಸರಕಾರದ ಅಟಾರ್ನಿ ಜನರಲ್, ಅಂದರೆ ಸರಕಾರದ ಪ್ರಧಾನ ವಕೀಲರು, ಆಗಿದ್ದವರು. ಅವರ ಮನೆಯಲ್ಲಿ ಕಾನೂನು ಗ್ರಂಥಗಳ ಭಂಡಾರವೇ ಇದ್ದಿತು. ಮಕ್ಕಳಿಗೆ ಪಾಠ ಹೇಳಿ ಉಳಿದ ವೇಳೆಯಲ್ಲಿ ಉಪಾಧ್ಯಾಯನು ಆ ಗ್ರಂಥಗಳನ್ನು ಓದತೊಡಗಿದನು. ಆ ಕಾಲಕ್ಕೆ ಅಲ್ಲಿ ವಕೀಲನಾಗಬೇಕಾದರೆ ಕಾನೂನು ಕಾಲೇಜಿಗೆ ಹೋಗಲೇಬೇಕೆಂಬ ನಿಯಮವಿರಲಿಲ್ಲ; ಹಿರಿಯ ವಕೀಲರ ಬಳಿ ಓದಿ ಪರೀಕ್ಷೆಗೆ ಒಪ್ಪಿಸಿಕೊಂಡರೆ ಸಾಕಾಗಿತ್ತು. ಹೀಗೆ 1850ರಲ್ಲಿ ಆತನು ಜಾರ್ಜಿಯಾದಲ್ಲಿ ವಕೀಲನಾದನು. ಕ್ಲಾರ್ಕ್ಸ್‌ವಿಲ್ ಎಂಬ ಚಿಕ್ಕ ಊರಿನಲ್ಲಿಯೂ ಆಮೇಲೆ ಎಲ್ಬರ್ಟನ್ ಎಂಬಲ್ಲಿಯೂ ವಕೀಲಿ ನಡೆಸಿದನು. ಯಾವ ಗ್ರಂಥಗಳಿಂದ ಕಾನೂನು ಕಲಿತನೋ ಆ ಗ್ರಂಥಗಳ ಒಡೆಯರು ಕುಳಿತಿದ್ದ ಕುರ್ಚಿಯ ಮೇಲೆ ಇಪ್ಪತ್ತು ವರ್ಷಗಳ ತರುವಾಯ ತಾನೂ ಕೂರುವೆನೆಂದು ಆಗ ಆತನು ಎಣಿಸಿರಲಾರನು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಜೀವನಚರಿತ್ರೆಯನ್ನು ಹೇಳುವವರು ನಾಯಕನ ಗುಣಗಳನ್ನೇ ಎತ್ತಿ ಹೇಳಿ ದೋಷಗಳನ್ನು ಸೆರಗಿನಲ್ಲಿ ಮುಚ್ಚುವುದುಂಟು. ಅದು ಸರಿಯಲ್ಲ. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕ ಮೂಲದ ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. 1860ರ ಜನಗಣತಿಯಂತೆ ಹಾಗೆ ಗುಲಾಮಗಿರಿಯಲ್ಲಿದ್ದವರ ಸಂಖ್ಯೆ ಸುಮಾರು 40 ಲಕ್ಷ. ಆಕರ್ಮನ್ನನು ಉತ್ತರದವನಾಗಿದ್ದರೂ ದಕ್ಷಿಣದಲ್ಲಿ ನೆಲೆಸಿದ ಮೇಲೆ ಅಲ್ಲಿಯ ರೂಢಿಯನ್ನೇ ಹಿಡಿದು, ತಾನೂ ಗುಲಾಮರನ್ನು ಇಟ್ಟುಕೊಂಡಿದ್ದನು. ದಕ್ಷಿಣದ ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟು ಬೇರೆಯಾಗುವುದು ಆತನಿಗೆ ಒಪ್ಪಿಗೆಯಿರಲಿಲ್ಲ. ಆದರೆ 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ತಾನಿದ್ದ ಸಂಸ್ಥಾನದ ಕಡೆಗೇ ನಿಂತು, ಜಾರ್ಜಿಯಾದ ಪಡೆಯಲ್ಲಿ ಸೇವೆ ಸಲ್ಲಿಸಿದನು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ಹೋರಾಡಿದ ಪಕ್ಷದಲ್ಲಿ ಆತನೂ ಒಬ್ಬನಾಗಿದ್ದನೆಂಬುದನ್ನು ಮರೆಯಬಾರದು. ಯುದ್ಧದ ನಡುವೆಯೇ, 1864ರಲ್ಲಿ, ಮಾರ್ತಾ ಗ್ಯಾಲೊವೆ ಎಂಬಾಕೆಯೊಡನೆ ಆತನ ವಿವಾಹವಾಯಿತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗತನಾದನು. ಸೋತ ಮನೆಯಲ್ಲಿ ಎರಡು ಬಗೆಯ ಜನರಿರುತ್ತಾರೆ. ಸೋತದ್ದನ್ನು ಬಾಯಲ್ಲಿ ಒಪ್ಪಿಕೊಂಡು ಮನಸ್ಸಿನಲ್ಲಿ ಹಗೆಯನ್ನು ಸಾಕುವವರು ಒಂದು ಬಗೆ. ಒಪ್ಪಿಕೊಂಡ ಮೇಲೆ ನಿಜವಾಗಿಯೂ ಒಪ್ಪಿಕೊಳ್ಳುವವರು ಮತ್ತೊಂದು ಬಗೆ. ಆಕರ್ಮನ್ನನು ಎರಡನೆಯವರ ಸಾಲಿಗೆ ಸೇರಿದನು. ಒಕ್ಕೂಟದ ರಾಜಕಾರಣದಲ್ಲಿ ಮತ್ತೆ ಪಾಲ್ಗೊಳ್ಳುವುದಾದರೆ ಹಳೆಯ ಪಕ್ಷದ ವಿಚಾರಗಳನ್ನು ಮನಸ್ಸಿನಿಂದ ತೆಗೆದುಹಾಕುವುದು ತನ್ನ ಕರ್ತವ್ಯವೆಂದು ಆತನು ಬಗೆದನು. ಗುಲಾಮಗಿರಿ ಹೋಯಿತು, ಕರಿಯ ಜನರು ಇನ್ನು ಪ್ರಜೆಗಳು, ಕಾಯಿದೆ ಹಾಗೆ ಹೇಳಿದ ಮೇಲೆ ಹಾಗೆಯೇ ನಡೆಯಬೇಕು. ಈ ನಿರ್ಣಯದಿಂದ ಲಿಂಕನ್ನರ ಪಕ್ಷವಾದ ರಿಪಬ್ಲಿಕನ್ ಪಕ್ಷವನ್ನು ಸೇರಿದನು. ಜಾರ್ಜಿಯಾದ ಬಿಳಿಯರಲ್ಲಿ ಅನೇಕರ ಕಣ್ಣಿಗೆ ಆತನು ಕುಲದ್ರೋಹಿಯಾದನು.

ಆ ಕಾಲದಲ್ಲಿ ಅಮೆರಿಕದ ಸಂವಿಧಾನಕ್ಕೆ ಮೂರು ದೊಡ್ಡ ತಿದ್ದುಪಡಿಗಳಾದವು. 1865ರ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ರದ್ದುಮಾಡಿತು. 1868ರ 14ನೆಯ ತಿದ್ದುಪಡಿಯು ಅಲ್ಲಿ ಹುಟ್ಟಿದವರೆಲ್ಲರೂ ಪ್ರಜೆಗಳೆಂದೂ, ಯಾವ ಸಂಸ್ಥಾನವೂ ಯಾರಿಗೂ ಕಾಯಿದೆಗಳ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದೆಂದೂ ಸಾರಿತು. 1870ರ 15ನೆಯ ತಿದ್ದುಪಡಿಯು ಬಣ್ಣದ ಕಾರಣದಿಂದ ಮತದಾನದ ಹಕ್ಕನ್ನು ಕಿತ್ತುಕೊಳ್ಳಬಾರದೆಂದು ವಿಧಿಸಿತು. ‘ಕಾಯಿದೆಗಳ ಸಮಾನ ರಕ್ಷಣೆ’ ಎಂಬ ಮಾತು ನಮಗೆ ಹೊಸತಲ್ಲ. ನಮ್ಮ ಭಾರತ ಸಂವಿಧಾನದ 14ನೆಯ ವಿಧಿಯಲ್ಲಿಯೂ ಅದಿದೆ. ಅದು ಬಂದುದು ಅಮೆರಿಕದ ಆ ತಿದ್ದುಪಡಿಯಿಂದಲೇ. ನಮ್ಮ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ಬಂದುದನ್ನು ಹಿರಿಯರು ಬಲ್ಲರು. ಆದುದರಿಂದ ಆ ನಾಲ್ಕು ಮಾತುಗಳಿಗೆ ಮೊದಮೊದಲು ಯಾವ ಬೆಲೆ ತೆರಬೇಕಾಯಿತೆಂಬುದನ್ನು ತಿಳಿಯುವುದು ನಮಗೂ ಉಚಿತ.

ಬೆಲೆಯನ್ನು ಕೇಳಿದವರು ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘದವರು. 1866ರ ಸುಮಾರಿಗೆ ಟೆನೆಸಿ ಸಂಸ್ಥಾನದ ಪುಲಾಸ್ಕಿ ಎಂಬ ಊರಿನಲ್ಲಿ ಹುಟ್ಟಿದ ಈ ಸಂಘ ಕೆಲವೇ ವರ್ಷಗಳಲ್ಲಿ ದಕ್ಷಿಣದ ತುಂಬ ಹಬ್ಬಿತು. ರಾತ್ರಿಯ ಹೊತ್ತು ಮುಖಕ್ಕೆ ಮುಸುಕು ಹಾಕಿಕೊಂಡು, ಉದ್ದನೆಯ ನಿಲುವಂಗಿ ತೊಟ್ಟು, ಕುದುರೆ ಏರಿ ಬರುವರು. ಮತ ಹಾಕಿದ ಕರಿಯನನ್ನು ಮನೆಯಿಂದ ಎಳೆದು ಬಾರುಕೋಲಿನಿಂದ ಬಾರಿಸುವರು. ಕರಿಯ ಮಕ್ಕಳ ಶಾಲೆಗಳಿಗೆ ಬೆಂಕಿಯಿಡುವರು; ಅಲ್ಲಿ ಅಕ್ಷರ ಕಲಿಸುವ ಉಪಾಧ್ಯಾಯರನ್ನು ಊರು ಬಿಡಿಸುವರು; ಎದುರಾಡಿದವರನ್ನು ಮರಕ್ಕೆ ನೇಣು ಹಾಕುವರು. ಊರಿನ ಪೊಲೀಸು ಅಧಿಕಾರಿಗೆ ದೂರು ಕೊಡೋಣವೆಂದರೆ ಎಷ್ಟೋ ಕಡೆ ಅವನೇ ಆ ಸಂಘದ ಸದಸ್ಯ. ಜೂರಿಯಲ್ಲಿ ಕೂರುವವರು ಅವನ ನೆಂಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಜಾರ್ಜಿಯಾದ ಸ್ಥಿತಿಯೂ ಹೀಗೆಯೇ ಇತ್ತು. 1867–68ರಲ್ಲಿ ಅಲ್ಲಿ ಹೊಸ ಸಂವಿಧಾನವನ್ನು ರಚಿಸಲು ಸೇರಿದ ಸಮಾವೇಶದಲ್ಲಿ ಆಕರ್ಮನ್ನನು ಪ್ರತಿನಿಧಿಯಾಗಿದ್ದನು. ಆ ಸಂವಿಧಾನದಂತೆ ಚುನಾವಣೆಯಾಗಿ ಕರಿಯ ಸದಸ್ಯರೂ ಶಾಸನಸಭೆಗೆ ಆರಿಸಿಬಂದರು. ಆದರೆ 1868ರ ಸೆಪ್ಟೆಂಬರಿನಲ್ಲಿ ಬಿಳಿಯ ಸದಸ್ಯರು ಬಹುಮತದಿಂದ ಅವರನ್ನು ಸಭೆಯಿಂದ ಹೊರಹಾಕಿಬಿಟ್ಟರು. ಕೇಂದ್ರದ ಶಾಸನಸಭೆಯಾದ ಕಾಂಗ್ರೆಸ್ಸು ಮಧ್ಯೆ ಪ್ರವೇಶಿಸಿದ ಮೇಲೆಯೇ, 1870ರಲ್ಲಿ, ಅವರಿಗೆ ತಮ್ಮ ಸ್ಥಾನ ದೊರಕಿತು. ಇದರ ನಡುವೆ 1869ರಲ್ಲಿ ಆಕರ್ಮನ್ನನು ಜಾರ್ಜಿಯಾದಲ್ಲಿ ಕೇಂದ್ರ ಸರಕಾರದ ಜಿಲ್ಲಾ ವಕೀಲನಾಗಿ ನೇಮಕಗೊಂಡನು. ಮರುವರ್ಷ, 1870ರ ಜೂನ್ ತಿಂಗಳಲ್ಲಿ, ಅಧ್ಯಕ್ಷ ಗ್ರಾಂಟ್ ಆತನನ್ನು ಅಮೆರಿಕದ ಅಟಾರ್ನಿ ಜನರಲ್ ಪದವಿಗೆ ಆರಿಸಿದರು. ದಕ್ಷಿಣವನ್ನು ಸೋಲಿಸಿದ ಸೇನಾಪತಿಯೇ ಗ್ರಾಂಟ್. ಅವರು ಸೋತ ಪಕ್ಷದಲ್ಲಿದ್ದ ಹಳ್ಳಿಯ ವಕೀಲನನ್ನು ಕರೆದು ಸರಕಾರದ ಪ್ರಧಾನ ವಕೀಲನನ್ನಾಗಿ ಮಾಡಿದುದು ಎಲ್ಲರಿಗೂ ಸೋಜಿಗವನ್ನುಂಟುಮಾಡಿತು.

ಆ ಪದವಿ 1789ರಿಂದಲೇ ಇದ್ದಿತು. ಆದರೆ ಮೊದಲಿನ ಅಟಾರ್ನಿ ಜನರಲ್‌ಗಳಿಗೆ ಒಂದು ಇಲಾಖೆ ಇರಲಿಲ್ಲ. ಪೂರ್ಣಾವಧಿಯ ಕೆಲಸವೂ ಆಗಿರಲಿಲ್ಲ. ಸಂಬಳ ಸಾಲದೆ ಖಾಸಗಿ ವಕೀಲಿಯನ್ನೂ ನಡೆಸುತ್ತಿದ್ದರು. ಅಂತರ್ಯುದ್ಧದ ತರುವಾಯ ಸರಕಾರದ ಮೇಲೆ ಮೊಕದ್ದಮೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಹೊರಗಿನ ವಕೀಲರಿಗೆ ತೆರುವ ಶುಲ್ಕವೇ ಬೊಕ್ಕಸಕ್ಕೆ ಭಾರವಾಯಿತು. ಈ ಕಾರಣದಿಂದ 1870ರ ಜೂನ್ 22ರ ಕಾಯಿದೆಯಂತೆ ನ್ಯಾಯ ಇಲಾಖೆಯು ಸ್ಥಾಪನೆಯಾಗಿ, ಜುಲೈ 1ರಿಂದ ಅಸ್ತಿತ್ವಕ್ಕೆ ಬಂದಿತು. ದೇಶದ ಎಲ್ಲ ಜಿಲ್ಲಾ ಸರಕಾರಿ ವಕೀಲರೂ ಅದರ ಮೇಲ್ವಿಚಾರಣೆಗೆ ಒಳಪಟ್ಟರು. ಆ ಇಲಾಖೆಯ ಮೊದಲ ಮುಖ್ಯಸ್ಥನೇ ಆಕರ್ಮನ್. ಸಹಾಯಕ್ಕೆ ಸಾಲಿಸಿಟರ್ ಜನರಲ್ ಎಂಬ ಹೊಸ ಹುದ್ದೆಯಲ್ಲಿ ಕೆಂಟಕಿಯ ಬೆಂಜಮಿನ್ ಬ್ರಿಸ್ಟೊ ನೇಮಕವಾದನು. ಬಿಡುಗಡೆ ಹೊಂದಿದ ಗುಲಾಮರ ಉಳಿತಾಯದ ಹಣಕ್ಕಾಗಿ ಸ್ಥಾಪಿಸಿದ ಬ್ಯಾಂಕೊಂದು ವಾಷಿಂಗ್ಟನ್ನಿನಲ್ಲಿತ್ತು. ಆರಂಭದ ವರ್ಷಗಳಲ್ಲಿ ಆ ಬ್ಯಾಂಕಿನ ಕಟ್ಟಡದಲ್ಲಿಯೇ ನ್ಯಾಯ ಇಲಾಖೆಯು ಬಾಡಿಗೆಗೆ ಕುಳಿತಿತ್ತು.

ಹೊಸ ಇಲಾಖೆಯ ಕೈಗೆ ಹೊಸ ಕಾಯಿದೆಗಳೂ ಬಂದವು. 1870ರ ಮೇ 31ರ ಕಾಯಿದೆಯು ಪ್ರಜೆಯ ಹಕ್ಕುಗಳನ್ನು ತಡೆಯಲು ಕೂಡಿ ಸಂಚು ಮಾಡುವುದನ್ನು ಕೇಂದ್ರದ ಅಪರಾಧವನ್ನಾಗಿ ಮಾಡಿತು. 1871ರ ಏಪ್ರಿಲ್ 20ರ ಕಾಯಿದೆಯು ಇನ್ನೂ ಮುಂದೆ ಹೋಯಿತು. ಸಂಸ್ಥಾನದ ಅಧಿಕಾರದ ಹೆಸರಿನಲ್ಲಿ ಯಾವನಾದರೂ ಪ್ರಜೆಯ ಹಕ್ಕನ್ನು ಕಸಿದರೆ ಅವನ ಮೇಲೆ ಕೇಂದ್ರದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದು ಅದು ವಿಧಿಸಿತು. ಗುಪ್ತ ಸಂಘಗಳ ಹಾವಳಿ ಮಿತಿಮೀರಿದಲ್ಲಿ ಸೈನ್ಯವನ್ನು ಕಳುಹಿಸಲೂ, ಹೇಬಿಯಸ್ ಕಾರ್ಪಸ್ ಹಕ್ಕನ್ನು ತಾತ್ಕಾಲಿಕವಾಗಿ ನಿಲ್ಲಿಸಲೂ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು.

ಇನ್ನು ಮುಂದಿನ ಕಥೆ ದಕ್ಷಿಣ ಕ್ಯಾರೊಲಿನಾದ ಯಾರ್ಕ್ ಎಂಬ ಜಿಲ್ಲೆಯಲ್ಲಿ ನಡೆಯುತ್ತದೆ. 1871ರ ಮಾರ್ಚ್ ತಿಂಗಳ ಒಂದು ರಾತ್ರಿ ಕರಿಯರ ಗೃಹರಕ್ಷಕ ಪಡೆಯ ನಾಯಕನಾಗಿದ್ದ ಜಿಮ್ ವಿಲಿಯಮ್ಸ್ ಎಂಬವನನ್ನು ಮುಸುಕಿನವರು ಮನೆಯಿಂದ ಎಳೆದೊಯ್ದು ಮರಕ್ಕೆ ನೇತುಹಾಕಿ ಕೊಂದರು. ಆ ಗುಂಪಿನ ಮುಂದಾಳು ಊರಿನಲ್ಲಿ ಮರ್ಯಾದಸ್ಥನೆನಿಸಿದ್ದ ಒಬ್ಬ ವೈದ್ಯ. ಮೇ ತಿಂಗಳಲ್ಲಿ ಇಲಾಯಸ್ ಹಿಲ್ ಎಂಬ ಧರ್ಮೋಪದೇಶಕನ ಮನೆಗೆ ನುಗ್ಗಿದರು. ಈತನು ಚಿಕ್ಕಂದಿನಲ್ಲಿ ರೋಗ ತಗಲಿ ಕೈಕಾಲು ಸೊರಗಿಹೋದವನು. ನಡೆಯಲಾರನು, ಬೇರೆಯವರು ಎತ್ತಿ ಕೂರಿಸಬೇಕು. ಆದರೂ ಓದು ಕಲಿತು, ಊರಿನ ಮಕ್ಕಳಿಗೆ ಕಲಿಸುತ್ತ, ಉಪದೇಶ ಮಾಡುತ್ತ ಇದ್ದನು. ಅಂಥವನನ್ನು ಅಂಗಳಕ್ಕೆ ಎಳೆದುಹಾಕಿ ಚಾವಟಿಯಿಂದ ಹೊಡೆದು, ರಿಪಬ್ಲಿಕನ್ ಪಕ್ಷವನ್ನು ಬಿಟ್ಟೆನೆಂದು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಬೆದರಿಸಿದರು. ವಿಚಾರಣೆಗೆ ಬಂದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಹಿಲ್ ಧೈರ್ಯದಿಂದ ಎಲ್ಲವನ್ನೂ ಹೇಳಿದನು. ಆದರೆ ಆ ನೆಲದಲ್ಲಿ ತನ್ನ ಜನರಿಗೆ ನೆಮ್ಮದಿಯಿಲ್ಲವೆಂಬ ನಿರ್ಧಾರಕ್ಕೆ ಬಂದು, ಅದೇ ವರ್ಷ ನೂರಕ್ಕೂ ಮಿಕ್ಕ ಮಂದಿಯನ್ನು ಕೂಡಿಕೊಂಡು ಸಮುದ್ರ ದಾಟಿ ಆಫ್ರಿಕದ ಲೈಬೀರಿಯಕ್ಕೆ ಹೊರಟುಹೋದನು. ಹುಟ್ಟಿದ ಊರನ್ನು ಬಿಡುವ ಸಂಕಟ ಎಂಥದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆ ಜಿಲ್ಲೆಗೆ ಸೈನ್ಯದೊಡನೆ ಬಂದಿದ್ದ ಮೇಜರ್ ಲೂಯಿಸ್ ಮೆರಿಲ್ ಎಂಬ ಅಧಿಕಾರಿ ಮೊದಮೊದಲು ಈ ವಾರ್ತೆಗಳನ್ನು ಉತ್ಪ್ರೇಕ್ಷೆಯೆಂದು ತಿಳಿದಿದ್ದನು. ತಾನೇ ವಿಚಾರಿಸತೊಡಗಿದ ಮೇಲೆ ಕಣ್ಣು ತೆರೆಯಿತು. ಹನ್ನೊಂದು ಕೊಲೆಗಳನ್ನೂ ನೂರಾರು ಚಾವಟಿಯೇಟಿನ ಪ್ರಕರಣಗಳನ್ನೂ ಆತನು ದಾಖಲೆ ಮಾಡಿದನು. ಆದರೆ ಸ್ಥಳೀಯ ನ್ಯಾಯಾಲಯದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಆಗ ಆಕರ್ಮನ್ನನು ರಾಜಧಾನಿಯ ಕಚೇರಿಯಲ್ಲಿ ಕುಳಿತು ವರದಿಗಳನ್ನು ಓದುತ್ತ ಇರಲಿಲ್ಲ. 1871ರ ಶರತ್ಕಾಲದಲ್ಲಿ ತಾನೇ ದಕ್ಷಿಣ ಕ್ಯಾರೊಲಿನಾಕ್ಕೆ ಹೊರಟು, ಯಾರ್ಕ್ ಜಿಲ್ಲೆಯ ಮುಖ್ಯ ಊರಿನಲ್ಲಿ ತಂಗಿ, ಮೆರಿಲ್‌ನೊಡನೆ ಕುಳಿತು ಸಾಕ್ಷ್ಯಗಳನ್ನು ಪರಿಶೀಲಿಸಿದನು. ಪೆಟ್ಟು ತಿಂದವರ ಮಾತು ಆತನ ಕಿವಿಗೆ ಬಿದ್ದಿತು. ಹದಿನೈದು ವರ್ಷಗಳ ಹಿಂದೆ ಇಂಥವರನ್ನೇ ತಾನು ಸ್ವತ್ತೆಂದು ಎಣಿಸುತ್ತಿದ್ದವನು! ಆತನ ಸಲಹೆಯಂತೆ ಅಧ್ಯಕ್ಷ ಗ್ರಾಂಟ್ ಅಕ್ಟೋಬರ್ 12ರಂದು ಗುಪ್ತ ಸಂಘದವರು ಐದು ದಿನಗಳೊಳಗೆ ಆಯುಧಗಳನ್ನು ಒಪ್ಪಿಸಿ ಚದರಬೇಕೆಂದು ಘೋಷಣೆ ಹೊರಡಿಸಿದರು. ಅವರು ಕಿವಿಗೊಡದೆ ಹೋದುದರಿಂದ 17ರಂದು ಆ ಸಂಸ್ಥಾನದ ಒಂಬತ್ತು ಜಿಲ್ಲೆಗಳಲ್ಲಿ ಹೇಬಿಯಸ್ ಕಾರ್ಪಸ್ಸನ್ನು ನಿಲ್ಲಿಸಿದರು. ಸೈನಿಕರು ನೂರಾರು ಮಂದಿಯನ್ನು ಹಿಡಿದರು. ಇನ್ನೂ ಎಷ್ಟೋ ಮಂದಿ ತಾವಾಗಿ ಬಂದು ತಪ್ಪೊಪ್ಪಿಕೊಂಡರು. ಮುಂದಾಳುಗಳಲ್ಲಿ ಹಲವರು ರಾತ್ರೋರಾತ್ರಿ ಪರಾರಿಯಾದರು. ಆ ವೈದ್ಯ ಮಹಾಶಯನು ಕೆನಡಕ್ಕೆ ಓಡಿಹೋದನು.

ಸೆರೆಹಿಡಿದವನನ್ನು ನ್ಯಾಯಾಧೀಶರ ಮುಂದೆ ತರಬೇಕೆಂಬ ಹಕ್ಕನ್ನು ನಿಲ್ಲಿಸುವುದು ಚಿಕ್ಕ ಸಂಗತಿಯಲ್ಲ. ಶಾಂತಿಕಾಲದಲ್ಲಿ ಹಾಗೆ ಮಾಡುವುದು ಸರಿಯೇ ಎಂದು ಆಗಲೇ ಅನೇಕರು ಕೇಳಿದರು. ಆ ಅಧಿಕಾರ ದುಷ್ಟರ ಕೈಗೆ ಸಿಕ್ಕಿದರೆ ಏನಾಗಬಹುದೆಂಬ ಅಂಜಿಕೆ ಇಂದಿಗೂ ನ್ಯಾಯವಾದುದೇ. ಆದರೆ ಒಂದು ಭೇದವನ್ನು ಗಮನಿಸಬೇಕು. ಆಕರ್ಮನ್ನನು ಅದನ್ನು ಬಳಸಿದುದು ವಿಚಾರಣೆಯನ್ನು ತಪ್ಪಿಸುವುದಕ್ಕಾಗಿ ಅಲ್ಲ. ಸಾಕ್ಷಿಗಳು ಜೀವ ಉಳಿಸಿಕೊಂಡು ನ್ಯಾಯಾಲಯದವರೆಗೆ ಬರುವಂತೆ ಮಾಡುವುದಕ್ಕಾಗಿ. ಸೈನ್ಯದ ನ್ಯಾಯಮಂಡಲಿಗಳು ಅಲ್ಲಿ ಕೂರಲಿಲ್ಲ. ಮೊಕದ್ದಮೆಗಳು ತೆರೆದ ನ್ಯಾಯಾಲಯದಲ್ಲಿ, ಜೂರಿಯ ಮುಂದೆ, ಪ್ರತಿವಾದಿಗಳ ವಕೀಲರ ಸಮಕ್ಷಮದಲ್ಲಿಯೇ ನಡೆದವು.

ಆ ವಿಚಾರಣೆಗಳು 1871ರ ನವೆಂಬರ್ ಕೊನೆಯಲ್ಲಿ ಕೊಲಂಬಿಯಾ ನಗರದಲ್ಲಿ ಆರಂಭವಾದವು. ಸರಕಾರದ ಪರವಾಗಿ ವಾದಿಸಿದವನು ಜಿಲ್ಲಾ ವಕೀಲ ಡೇವಿಡ್ ಕಾರ್ಬಿನ್. ಎದುರು ಪಕ್ಷಕ್ಕೆ ಹಣದ ಕೊರತೆ ಇರಲಿಲ್ಲ. ಅವರು ರೆವರ್ಡಿ ಜಾನ್ಸನ್ ಮತ್ತು ಹೆನ್ರಿ ಸ್ಟಾನ್ಬರಿ ಎಂಬ ಇಬ್ಬರು ವಕೀಲರನ್ನು ಕರೆಸಿದರು. ಇಬ್ಬರೂ ಹಿಂದೆ ಅಟಾರ್ನಿ ಜನರಲ್ ಆಗಿದ್ದವರೇ! ಜೂರಿಯಲ್ಲಿ ಕರಿಯರೇ ಹೆಚ್ಚಾಗಿದ್ದರು. ಆರು ವರ್ಷಗಳ ಹಿಂದೆ ನ್ಯಾಯಾಲಯದಲ್ಲಿ ಬಿಳಿಯನ ವಿರುದ್ಧ ಸಾಕ್ಷಿ ಹೇಳುವ ಅಧಿಕಾರವೂ ಇಲ್ಲದಿದ್ದ ಜನ ಈಗ ಜೂರಿಯಾಗಿ ಕುಳಿತು ನ್ಯಾಯ ನಿರ್ಣಯಿಸಿದರು. ಬರೆಯಲು ಬಾರದ ಹೆಂಗಸರೂ ಗಂಡಸರೂ ಸಾಕ್ಷಿಪೆಟ್ಟಿಗೆಯಲ್ಲಿ ನಿಂತು, ಆ ರಾತ್ರಿ ತಮ್ಮ ಮನೆಯಲ್ಲಿ ನಡೆದುದನ್ನು ಹೇಳಿದರು. ಅವರು ಹೇಳಿದ ಮಾತುಗಳೆಲ್ಲವೂ ದಾಖಲೆಯಾಗಿ ಅಚ್ಚಾಗಿ ಇಂದಿಗೂ ಉಳಿದಿವೆ. ಅಪರಾಧ ಸ್ಥಿರಪಟ್ಟವರಿಗೆ ದಂಡವೂ, ಕೆಲವರಿಗೆ ಐದು ವರ್ಷಗಳವರೆಗಿನ ಸೆರೆವಾಸವೂ ಆಯಿತು. ಸೆರೆಯವರನ್ನು ದೂರದ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ಕಾರಾಗೃಹಕ್ಕೆ ಕಳುಹಿಸಿದರು.

ಆದರೆ ಕೆಲಸ ಬೆಟ್ಟದಷ್ಟು, ಕೈಗಳು ಮಾತ್ರ ಬೆರಳೆಣಿಕೆಯಷ್ಟು. ನೂರಾರು ಮಂದಿಯ ಮೇಲೆ ಆರೋಪವಿತ್ತು. ನ್ಯಾಯಾಲಯದ ಒಂದು ಅಧಿವೇಶನದಲ್ಲಿ ಕೆಲವೇ ವಿಚಾರಣೆಗಳು ಮುಗಿಯುತ್ತಿದ್ದವು. ಹೆಚ್ಚಿನ ನ್ಯಾಯಾಧೀಶರಿಗೂ ವಕೀಲರಿಗೂ ಕಾಂಗ್ರೆಸ್ಸು ಹಣ ಒದಗಿಸಲಿಲ್ಲ. ಆದುದರಿಂದ ಮುಂದಾಳುಗಳನ್ನೂ ಘೋರಕೃತ್ಯ ಮಾಡಿದವರನ್ನೂ ಬಿಡದೆ ವಿಚಾರಣೆಗೆ ತರಬೇಕು, ಬೆದರಿಕೆಗೆ ಸಿಕ್ಕಿ ಸಂಘವನ್ನು ಸೇರಿ ತಪ್ಪೊಪ್ಪಿಕೊಂಡ ಸಾಮಾನ್ಯರನ್ನು ಸೌಮ್ಯವಾಗಿ ಕಾಣಬೇಕು ಎಂದು ಆಕರ್ಮನ್ನನು ಕಾರ್ಬಿನ್‌ಗೆ ಸೂಚಿಸಿದನು. ದ್ವೇಷ ತೀರಿಸಿಕೊಳ್ಳುವ ಉದ್ದೇಶವಿದ್ದವನು ಹೀಗೆ ಬರೆಯುತ್ತಿರಲಿಲ್ಲ.

ಇಷ್ಟರಲ್ಲಿ ರಾಜಧಾನಿಯ ಗಾಳಿ ಬೇರೆ ಕಡೆಗೆ ಬೀಸತೊಡಗಿತ್ತು. ಯುದ್ಧ ಮುಗಿದು ಆರು ವರ್ಷಗಳಾದವು, ಇನ್ನೂ ದಕ್ಷಿಣದ ಗೋಳನ್ನೇ ಎಷ್ಟು ಕೇಳುವುದು ಎಂದು ಉತ್ತರದ ಜನರು ಬೇಸತ್ತಿದ್ದರು. ಮಂತ್ರಿಮಂಡಲದ ಸಭೆಗಳಲ್ಲಿ ಆಕರ್ಮನ್ನನು ಈ ಹಿಂಸಾಕೃತ್ಯಗಳ ವಿವರಗಳನ್ನು ಮತ್ತೆ ಮತ್ತೆ ಎತ್ತುತ್ತಿದ್ದನು. ವಿದೇಶಾಂಗ ಮಂತ್ರಿ ಹ್ಯಾಮಿಲ್ಟನ್ ಫಿಷ್ ಇದನ್ನು ಕೇಳಿ ಕೇಳಿ ಸಾಕಾಯಿತೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟನು. ಮತ್ತೊಂದು ಕಡೆ, ದೊಡ್ಡ ರೈಲ್ವೆ ಕಂಪನಿಗಳು ಸರಕಾರದಿಂದ ಭೂಮಿಯನ್ನೂ ಸಾಲಪತ್ರಗಳನ್ನೂ ಕೇಳುತ್ತಿದ್ದವು. ಕಾಯಿದೆಯಂತೆ ಅವು ನಿಮಗೆ ಸಲ್ಲವೆಂದು ಆಕರ್ಮನ್ನನು ಅಭಿಪ್ರಾಯ ಕೊಟ್ಟನು. ಆ ಕಂಪನಿಗಳ ಕೈ ಉದ್ದವಾಗಿತ್ತು. ಯಾವ ಕಾರಣ ಹೆಚ್ಚು, ಯಾವುದು ಕಡಿಮೆ ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. 1871ರ ಡಿಸೆಂಬರಿನಲ್ಲಿ ಅಧ್ಯಕ್ಷರು ಆತನ ರಾಜೀನಾಮೆಯನ್ನು ಕೇಳಿದರು. ಆತನ ಪ್ರಾಮಾಣಿಕತೆಯನ್ನು ಹೊಗಳಿ, ಬೇರೆ ಹುದ್ದೆಯನ್ನು ಕೊಡುವೆನೆಂದೂ ಹೇಳಿದರು. ಆತನು ಅದನ್ನು ಒಲ್ಲದೆ, 1872ರ ಜನವರಿ 10ಕ್ಕೆ ಅಧಿಕಾರವನ್ನು ಬಿಟ್ಟುಕೊಟ್ಟನು. ಬೀದಿಗೆ ಬಂದು ಅಧ್ಯಕ್ಷರನ್ನು ದೂರಲಿಲ್ಲ.

ಅಧಿಕಾರ ಹೋದ ಮೇಲೆ ಉತ್ತರದ ಯಾವುದಾದರೂ ನಗರದಲ್ಲಿ ಸುಖವಾಗಿ ವಕೀಲಿ ನಡೆಸಬಹುದಾಗಿತ್ತು. ಆತನು ಹಾಗೆ ಮಾಡದೆ ಜಾರ್ಜಿಯಾದ ಕಾರ್ಟರ್ಸ್‌ವಿಲ್ ಎಂಬ ಊರಿಗೆ ಹಿಂದಿರುಗಿದನು. ತನ್ನನ್ನು ದ್ರೋಹಿಯೆಂದು ಕರೆದ ಜನರ ನಡುವೆಯೇ ಹೆಂಡತಿ ಮಕ್ಕಳೊಡನೆ ಬಾಳಿ, ಅಲ್ಲಿಯ ನ್ಯಾಯಾಲಯದಲ್ಲಿ ಕಕ್ಷಿಗಾರರ ಕೆಲಸ ನೋಡುತ್ತ ಇದ್ದು, 1880ರ ಡಿಸೆಂಬರ್ 21ರಂದು ತನ್ನ 59ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅಷ್ಟರೊಳಗೆ ಆತನು ಕಟ್ಟಿದ್ದು ಆತನ ಕಣ್ಣೆದುರೇ ಕುಸಿದುಬಿದ್ದಿತ್ತು. ಕ್ಲಾನ್ ಸಂಘದ ಬೆನ್ನುಮೂಳೆ ಮುರಿದದ್ದು ನಿಜ. 1872ರ ವೇಳೆಗೆ ಅದು ಬಹುಮಟ್ಟಿಗೆ ಅಡಗಿತು. ಆದರೆ ಬಂದ ಹೊಸ ಅಧಿಕಾರಿಗಳು ಮೊಕದ್ದಮೆಗಳನ್ನು ಕೈಬಿಡುತ್ತ ಬಂದರು. ಸೆರೆಯಲ್ಲಿದ್ದವರಿಗೆ ಕ್ಷಮಾದಾನ ದೊರಕಿತು. 1873ರಲ್ಲಿ ಲೂಸಿಯಾನದ ಕೋಲ್‌ಫ್ಯಾಕ್ಸಿನಲ್ಲಿ ಕರಿಯರ ಘೋರ ಹತ್ಯಾಕಾಂಡ ನಡೆಯಿತು. ಅದರ ಅಪರಾಧಿಗಳ ಶಿಕ್ಷೆಯನ್ನು 1876ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. ಹದಿನಾಲ್ಕನೆಯ ತಿದ್ದುಪಡಿಯು ಸಂಸ್ಥಾನಗಳನ್ನು ಮಾತ್ರ ತಡೆಯುತ್ತದೆ, ಖಾಸಗಿ ವ್ಯಕ್ತಿಗಳನ್ನಲ್ಲ ಎಂದು ಅದು ಅರ್ಥಮಾಡಿತು. 1877ರಲ್ಲಿ ದಕ್ಷಿಣದ ಸಂಸ್ಥಾನ ಸರಕಾರಗಳಿಗೆ ಕೊಟ್ಟಿದ್ದ ಸೈನ್ಯದ ಬೆಂಬಲವೂ ನಿಂತುಹೋಯಿತು. ಕರಿಯರ ಮತದಾನದ ಹಕ್ಕು ಮ್ಲಾನವಾಗುತ್ತ ಬಂದು, ಶತಮಾನದ ಕೊನೆಗೆ ದಕ್ಷಿಣದಲ್ಲಿ ಹೆಚ್ಚುಕಡಿಮೆ ಕಾಗದದ ಮೇಲಿನ ಹಕ್ಕಾಗಿ ಉಳಿಯಿತು.

ಹಾಗಾದರೆ ಆಕರ್ಮನ್ನನು ಪಟ್ಟ ಶ್ರಮ ವ್ಯರ್ಥವಾಯಿತೆ? ಹಾಗೆ ಹೇಳಲು ನನಗೆ ಮನಸ್ಸು ಬಾರದು. ಆ ಕಾಯಿದೆಗಳ ಕೆಲವು ಭಾಗಗಳು ರದ್ದಾಗದೆ ಪುಸ್ತಕದಲ್ಲಿ ಮಲಗಿದ್ದವು. 1961ರಲ್ಲಿ, ಅಂದರೆ ಸರಿಯಾಗಿ 90 ವರ್ಷಗಳ ಮೇಲೆ, ಚಿಕಾಗೋ ನಗರದ ಪೊಲೀಸರು ಅಪ್ಪಣೆಪತ್ರವಿಲ್ಲದೆ ಒಂದು ಕರಿಯ ಸಂಸಾರದ ಮನೆಗೆ ನುಗ್ಗಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1871ರ ಕಾಯಿದೆಗೆ ಮತ್ತೆ ಜೀವ ತುಂಬಿತು. ಅಧಿಕಾರಿಗಳು ಪ್ರಜೆಯ ಹಕ್ಕನ್ನು ಮುರಿದಾಗ ಅಮೆರಿಕದ ಜನರು ಇಂದಿಗೂ ಬಹುಮಟ್ಟಿಗೆ ಆ ವಿಧಿಯ ಮೇಲೆಯೇ ದಾವೆ ಹೂಡುತ್ತಾರೆ. 1964ರಲ್ಲಿ ಮಿಸಿಸಿಪ್ಪಿ ಸಂಸ್ಥಾನದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಕ್ಲಾನಿನವರು ಕೊಂದರು. ಸಂಸ್ಥಾನದವರು ಕೊಲೆಯ ಮೊಕದ್ದಮೆಯನ್ನು ಹೂಡಲಿಲ್ಲ. ಆಗ ನ್ಯಾಯ ಇಲಾಖೆಯ ವಕೀಲರು 1870ರ ಕಾಯಿದೆಯಿಂದ ಬಂದ ಸಂಚಿನ ವಿಧಿಯನ್ನೇ ಹಿಡಿದು ಆರೋಪ ಹೊರಿಸಿದರು. 1967ರಲ್ಲಿ ಏಳು ಮಂದಿಗೆ ಅಪರಾಧ ಸ್ಥಿರಪಟ್ಟಿತು. ಅವರಲ್ಲಿ ಒಬ್ಬನು ಆ ಜಿಲ್ಲೆಯ ಪೊಲೀಸು ಅಧಿಕಾರಿಯ ಸಹಾಯಕ. ಅಜ್ಜ ನೆಟ್ಟ ಹಲಸಿನ ಮರ ಮೊಮ್ಮಗನ ಕಾಲಕ್ಕೆ ಕಾಯಿ ಬಿಟ್ಟಂತಾಯಿತು.

ವಿದ್ಯಾರ್ಥಿ ಮಿತ್ರರೆ, ಆಕರ್ಮನ್ನನನ್ನು ದೇವರನ್ನಾಗಿ ಮಾಡಲು ನಾನು ಇಲ್ಲಿ ನಿಂತಿಲ್ಲ. ಆತನು ಗುಲಾಮರನ್ನು ಇಟ್ಟುಕೊಂಡಿದ್ದ ಮನುಷ್ಯ. ಆದರೆ ತಪ್ಪು ದಾರಿಯಲ್ಲಿ ಅರ್ಧ ಆಯುಷ್ಯವನ್ನು ನಡೆದವನು ಕೂಡ ತಿರುಗಿ ನಿಂತು ಸರಿಯಾದ ಕೆಲಸವನ್ನು ಮಾಡಬಲ್ಲನು ಎಂಬುದಕ್ಕೆ ಆತನು ಸಾಕ್ಷಿ. ಮುಂದೆ ನಿಮ್ಮಲ್ಲಿ ಕೆಲವರು ವಕೀಲರಾಗುವಿರಿ, ಗುಮಾಸ್ತರಾಗುವಿರಿ, ಅಧಿಕಾರಿಗಳಾಗುವಿರಿ. ನಿಮ್ಮ ಮೇಜಿನ ಮೇಲೆ ಯಾರೋ ಬಡವನ ಅರ್ಜಿ ಬಂದು ಕೂರುವುದು. ಕಾಯಿದೆ ಅವನ ಪರವಾಗಿರಬಹುದು. ಆದರೂ ನೀವು ಅದನ್ನು ಎತ್ತಿ ಓದಿ ಮುಂದಕ್ಕೆ ಕಳುಹಿಸುವ ತನಕ ಅವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆಗ ಯಾರ್ಕ್ ಜಿಲ್ಲೆಗೆ ತಾನೇ ಎದ್ದುಹೋದ ಈ ವಕೀಲನನ್ನು ಒಮ್ಮೆ ನೆನೆಯಿರಿ.